ಓದದೆ ಬೈಯದವರು

ಸತ್ತವರ ಬಗ್ಗೆ ಬರೆಯುವವರು ನಡುನಡುವೆ ತಮ್ಮ ಬೆನ್ನನ್ನೂ ತಾವೇ ಸ್ವಲ್ಪ ತಟ್ಟಿಕೊಳ್ಳುವುದುಂಟು. ನನಗೆ ಆ ಸೌಕರ್ಯ ಇಲ್ಲ. ಕುರುಗೋಡಿನ ನಮ್ಮ ಸರ್ ತೀರಿಕೊಂಡು ಎಂಟು ತಿಂಗಳಾಯಿತು. ಅವರನ್ನು ನೆನೆದಾಗಲೆಲ್ಲ ಅಳುವಿಗಿಂತ ಮೊದಲು ನನ್ನ ಮೇಲೇ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಎಲ್ಲಿ ಇಳಿಸಬೇಕೋ ಗೊತ್ತಾಗದೆ ಬರೆಯಲು ಕೂತಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ತಾವು ಬರೆದ ಪ್ರೋಗ್ರಾಮುಗಳ ಮೇಲೂ ಅವರು ಹೆಸರು ಹಾಕುತ್ತಿರಲಿಲ್ಲ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಮೂರು ಕೋಣೆ, ಐದು ಜನ. ಕೆಳಗೆ ಹೊಲಿಗೆ ಯಂತ್ರಗಳು ದಡದಡ ಎನ್ನುತ್ತಿದ್ದರೆ ಮೇಲೆ ನಾವು ಗಿರಣಿ, ಶಾಲೆ, ಆಸ್ಪತ್ರೆಗಳಿಗೆ ಪ್ರೋಗ್ರಾಮು ಬರೆದುಕೊಡುತ್ತಿದ್ದೆವು. ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೇಳು, ಅವರಿಗೆ ಐವತ್ತೈದು. ಮಾಸಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಮರದ ಸ್ಕೇಲು. ಕಂಪ್ಯೂಟರಿನ ಮುಂದೆ ಕೂರುವವನಿಗೆ ಮರದ ಸ್ಕೇಲು ಯಾಕೆ ಎಂದು ಮೊದಲ ದಿನವೇ ಬಾಯಿ ತಡೆಯದೆ ಕೇಳಿದ್ದೆ. "ಸಾಲು ತಪ್ಪಬಾರದಲ್ರಿ," ಎಂದರು. ಕೋಡಿನ ಪ್ರಿಂಟನ್ನು ಮೇಜಿನ ಮೇಲೆ ಹರಡಿ, ಸಾಲಿನ ಕೆಳಗೆ ಸ್ಕೇಲು ಇಟ್ಟು, ಬಲತುದಿಯಿಂದ ಎಡಕ್ಕೆ ಬೆರಳು ಜರುಗಿಸುತ್ತ ಓದುತ್ತಿದ್ದರು.

ಅವರು ಬರೆಯುತ್ತಿದ್ದದ್ದು ಎಪಿಎಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ. ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದಾಗ ಕಲಿತದ್ದಂತೆ. ಅದರಲ್ಲಿ ಶಬ್ದಗಳೇ ಕಡಿಮೆ. ತ್ರಿಕೋನ, ವೃತ್ತ, ಕೊಕ್ಕೆ, ಬಾಣ, ತಲೆಯ ಮೇಲೆ ಚುಕ್ಕೆ ಇಟ್ಟ ಅಡ್ಡಗೆರೆ. ನಾವು ಇಪ್ಪತ್ತು ಸಾಲಿನಲ್ಲಿ ಹೇಳುವುದನ್ನು ಅದು ಅರ್ಧ ಸಾಲಿನಲ್ಲಿ ಮುಗಿಸುತ್ತದೆ. ಲೆಕ್ಕವನ್ನೂ ಬಲಗಡೆಯಿಂದ ಶುರು ಮಾಡುತ್ತದೆ. ನಾನು ಪೈಥಾನ್ ಕಲಿತು ಬಂದವಳು, ಓದಲು ಸಲೀಸಾದ ಭಾಷೆ ಎಂದರೆ ಅದೊಂದೇ ಎಂದು ನಂಬಿದ್ದವಳು. ಅವರ ಪ್ರಿಂಟನ್ನು ಎತ್ತಿ ನೋಡಿ ನಕ್ಕುಬಿಟ್ಟೆ.

"ಇದೇನ್ ಸರ್, ಇರುವಿ ಮಸಿ ತುಳದು ಓಡ್ಯಾಡಿದಂಗ ಐತಿ. ಇದನ್ನ ಮನುಷ್ಯರು ಓದ್ತಾರ?"

ಅವರು ಸಿಟ್ಟಾಗಲಿಲ್ಲ. "ನಮ್ಮಪ್ಪಗ ಎಲ್ಲಾ ಅಕ್ಷರನೂ ಹಿಂಗ ಕಾಣ್ತಿದ್ವು ಮೇಡಂ. ಬಸ್ಸಿನ ಬೋರ್ಡೂ ಇರುವೀನೇ, ರೇಷನ್ ಕಾರ್ಡೂ ಇರುವೀನೇ. ತಪ್ಪು ಅಕ್ಷರದ್ದೇನ್ರಿ?"

ಅವರಪ್ಪ ಕೂಲಿ ಮಾಡಿದವರು. ಒಮ್ಮೆ ತಮ್ಮ ಹೆಸರಿಗೆ ಬಂದ ಕಾಗದವನ್ನು ಹಿಡಿದು ನಿಂತಿದ್ದಾಗ ಊರಿನ ದೊಡ್ಡವರೊಬ್ಬರು, ಇದು ನಿಮ್ಮಂಥವರು ಓದೋದಲ್ಲ ಎಂದು ಕೈಯಿಂದ ಕಸಿದುಕೊಂಡಿದ್ದರಂತೆ. ಕುರುಗೋಡಿನ ಮನೆಯ ನೀಲಿ ಗೋಡೆಯ ಮೇಲೆ, ಬುದ್ಧನ ಚಿತ್ರದ ಪಕ್ಕದಲ್ಲಿ ಒಂದು ಸಣ್ಣ ಚೌಕಟ್ಟಿತ್ತು. ಅದರೊಳಗೆ ಇದ್ದದ್ದು ಅವರಪ್ಪ ಅರವತ್ತು ದಾಟಿದ ಮೇಲೆ ಅಕ್ಷರ ಕಲಿತು ಹಾಕಿದ ಮೊದಲ ಸಹಿ. ಈ ಮನುಷ್ಯನ ಮುಂದೆ ನಾನು ಅಷ್ಟು ಹಗುರವಾಗಿ ಮಾತಾಡಿದ್ದೆ ಎಂಬುದು ಆ ಚೌಕಟ್ಟನ್ನು ನೋಡಿದ ದಿನ ಚುಚ್ಚಿತ್ತು. ಚುಚ್ಚಿದ್ದು ಬಹಳ ದಿನ ನಿಲ್ಲಲಿಲ್ಲ.

ಅವರದೊಂದು ನೇಮ ಇತ್ತು. ಯಾರದೇ ಕೋಡನ್ನು ಕೆಟ್ಟದು ಎನ್ನಬೇಕಾದರೆ ಮೊದಲು ಅದರ ಹತ್ತು ಸಾಲನ್ನಾದರೂ ಕೈಯಿಂದ ನಕಲು ಮಾಡಬೇಕು. "ಕೈಲೆ ಬರೀರಿ, ಆಮ್ಯಾಗ ಬೈರಿ," ಎನ್ನುತ್ತಿದ್ದರು. ಶಾಲೆಯ ಮಕ್ಕಳ ಉದ್ದನೆಯ ನೋಟ್‌ಬುಕ್ಕುಗಳಲ್ಲಿ ಇಂಥ ನಕಲುಗಳನ್ನು ತುಂಬಿಟ್ಟಿದ್ದರು. ನಕಲು ಮುಗಿಯುವ ಹೊತ್ತಿಗೆ ಅವರಿಗೆ ಬೈಯುವ ಮನಸ್ಸೇ ಉಳಿದಿರುತ್ತಿರಲಿಲ್ಲ. ನನಗೆ ಇದೆಲ್ಲ ಮುದುಕರ ಹುಚ್ಚಾಟ ಅನ್ನಿಸುತ್ತಿತ್ತು.

ಸಿರುಗುಪ್ಪದ ಅಕ್ಕಿ ಗಿರಣಿಗೆ ಹೋದದ್ದು ನೆನಪಾಗುತ್ತದೆ. ಅಲ್ಲಿ ಯಾರೋ ಬರೆದು ಬಿಟ್ಟುಹೋಗಿದ್ದ ಹಳೆಯ ಪ್ರೋಗ್ರಾಮನ್ನು ನಾವು ದುರಸ್ತಿ ಮಾಡಬೇಕಿತ್ತು. ತೆರೆದು ನೋಡಿದರೆ ನಾನು ಹೆಸರೂ ಕೇಳದ ಭಾಷೆ, ಅದರಲ್ಲಿ ತೆಲುಗು ಹೆಸರುಗಳು. ನುಚ್ಚಕ್ಕಿಗೆ ನೂಕಲು, ಭತ್ತಕ್ಕೆ ವಡ್ಲು. "ಶಿಸ್ತು ಅನ್ನೋದು ಒಂದೀಟರ ಐತೇನ್ ಸರ್ ಇದಕ್ಕ? ಎಲ್ಲಾ ಕಿತ್ತಿ ಒಗದು ಹೊಸದಾಗಿ ಬರ್ಯೋಣು," ಎಂದೆ. ಅವರು ನೋಟ್‌ಬುಕ್ ತೆಗೆದು ಗಿರಣಿಯ ಚೀಲಗಳ ಮೇಲೆ ಕೂತರು. ಹೊಟ್ಟಿನ ಧೂಳು ಮೂಗಿಗೆ ಹೊಡೆಯುತ್ತಿತ್ತು, ನಾನು ದುಪಟ್ಟಾ ಮೂಗಿಗೆ ಹಿಡಿದು ಗೊಣಗುತ್ತ ನಿಂತಿದ್ದೆ. ಒಂದು ತಾಸಾದ ಮೇಲೆ ಚೀಲ ಹೊರುವ ಹಮಾಲಿಯೊಬ್ಬರನ್ನು ಕರೆದು, ಪ್ರಿಂಟಿನ ಒಂದು ಪುಟವನ್ನು ಗಟ್ಟಿಯಾಗಿ ಓದಿ ಹೇಳಿದರು.

"ಹೌದಲ್ರಿ," ಎಂದರು ಆ ಹಮಾಲಿ, "ಮೊದಲು ವಡ್ಲು ಒಣಗಸ್ತಾರ, ಆಮ್ಯಾಗ ನೂಕಲು ಬ್ಯಾರೆ ಮಾಡ್ತಾರ. ಸರೀನೇ ಐತಿ. ಆದ್ರ ಈಗ ನಡುವ ಇನ್ನೊಂದು ಜರಡಿ ಹಾಕ್ಯಾರ, ಅದು ಇದರಾಗ ಬಂದಿಲ್ಲ ನೋಡ್ರಿ."

ತಪ್ಪು ಅದೇ ಆಗಿತ್ತು. ಎರಡು ಸಾಲು ಸೇರಿಸಿ ನಾವು ಬಸ್ಸು ಹತ್ತಿದೆವು. ದಾರಿಯಲ್ಲಿ ಸರ್ ಹೇಳಿದರು: "ಓದಾಕ ಸಲೀಸು, ಓದಾಕ ಸಲೀಸು ಅಂತ ಹಗಲೆಲ್ಲಾ ಅಂತೀರಿ. ಯಾರಿಗೆ ಅಂತ ಒಂದು ದಿನನೂ ಕೇಳ್ಕೊಂಡಿಲ್ಲಲ್ಲ ಮೇಡಂ ನೀವು?" ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ನನ್ನ ಪೈಥಾನನ್ನು ಅವರು ಒಂದು ತಿಂಗಳು ಕೂತು ಕಲಿತರು. ನನ್ನ ಕೋಡನ್ನೇ ನಕಲು ಮಾಡಿ ಕಲಿತರು. ಅದರಲ್ಲಿ ಸಾಲುಗಳನ್ನು ಅಂಚು ಬಿಟ್ಟು ಒಪ್ಪವಾಗಿ ಜೋಡಿಸಲೇಬೇಕು, ಇಲ್ಲದಿದ್ದರೆ ಅದು ನಡೆಯುವುದೇ ಇಲ್ಲ. "ಛಲೋ ಮಾಸ್ತರ್ ಐತ್ರಿ ನಿಮ್ಮ ಭಾಷಾ, ಎಲ್ಲಾರನ್ನೂ ಸಾಲಾಗಿ ಕೂಡ್ರಸ್ತೈತಿ," ಎಂದು ಮನಸಾರೆ ಹೊಗಳಿದರು. ಕೆಳಗಿನ ಕಾರ್ಖಾನೆಯ ಕಟಿಂಗ್ ಮಾಸ್ತರರ ಹತ್ತಿರ ಚಹಾ ಹೊತ್ತಿನಲ್ಲಿ ಉರ್ದು ಓದುವುದನ್ನೂ ಕಲಿಯುತ್ತಿದ್ದರು. "ನೀವೂ ಬರ್ರಿ. ಬಲಗಡೆಯಿಂದ ಓದೋದು ರೂಢಿ ಆದ್ರ ನನ್ನ ಪ್ರೋಗ್ರಾಮೂ ನಿಮಗ ತಿಳೀತಾವು," ಎಂದು ಎಷ್ಟು ಸಲ ಕರೆದರೋ. ಪುರುಸೊತ್ತಿಲ್ಲ ಸರ್ ಎನ್ನುತ್ತಿದ್ದೆ. ನನ್ನ ಭಾಷೆಗೆ ಅವರು ಒಂದು ತಿಂಗಳು ಕೊಟ್ಟರು, ಅವರ ಭಾಷೆಗೆ ನಾನು ಒಂದು ಮಧ್ಯಾಹ್ನವನ್ನೂ ಕೊಡಲಿಲ್ಲ.

ಬಳ್ಳಾರಿಯಲ್ಲಿ ದಾನದ ಮೇಲೆ ನಡೆಯುವ ಒಂದು ಸಣ್ಣ ಡಯಾಲಿಸಿಸ್ ಕೇಂದ್ರವಿದೆ. ಆರು ಯಂತ್ರ. ಕಿಡ್ನಿ ಕೈಕೊಟ್ಟವರು ಸಿರುಗುಪ್ಪ, ಕುರುಗೋಡು, ರೂಪನಗುಡಿ ಕಡೆಯಿಂದೆಲ್ಲ ವಾರಕ್ಕೆ ಎರಡು ಸಲ ಬಂದು ನಾಲ್ಕು ತಾಸು ಮಲಗಿ ರಕ್ತ ಶುದ್ಧ ಮಾಡಿಸಿಕೊಂಡು ಹೋಗುತ್ತಾರೆ. ಯಾವ ದಿನ ಯಾರ ಪಾಳಿ ಎಂದು ಪಟ್ಟಿ ಮಾಡುವ ಪ್ರೋಗ್ರಾಮು ಸರ್ ಬರೆದದ್ದು. ಯಂತ್ರ ಕೆಟ್ಟರೆ ಕೆಲವರ ಪಾಳಿಯನ್ನು ಮಾರನೆಯ ದಿನಕ್ಕೆ ದೂಡಬೇಕಾಗುತ್ತದೆ. ಒಮ್ಮೆ ದೂಡಿಸಿಕೊಂಡವರನ್ನು ಮತ್ತೆ ದೂಡಬಾರದು, ಅವರ ಹೆಸರು ಮೇಲಕ್ಕೆ ಬರಬೇಕು. ಇದನ್ನು ಅವರು ಒಂದೇ ಸಾಲಿನಲ್ಲಿ ಬರೆದಿದ್ದರು. ಮೊದಲೆಲ್ಲ ದೊಡ್ಡವರ ಫೋನು ಬಂದರೆ ಪಾಳಿ ಹಿಂದುಮುಂದಾಗುತ್ತಿತ್ತಂತೆ. ಪಟ್ಟಿ ಬಂದ ಮೇಲೆ, ಪಟ್ಟಿಯಲ್ಲಿದ್ದಂತೆಯೇ ನಡೆಯಬೇಕು ಎಂದು ಪಟ್ಟು ಹಿಡಿದು ಅಲ್ಲಿ ಬೋರ್ಡು ಬರೆಸಿ ಹಾಕಿಸಿದವರೂ ಅವರೇ.

ಆಮೇಲೆ ಸಕ್ಕರೆ ಕಾಯಿಲೆ ಅವರ ಕಿಡ್ನಿಯನ್ನೂ ತಿಂದಿತು. ಕೆಲಸ ಬಿಟ್ಟು ಕುರುಗೋಡಿನ ಮನೆಯಲ್ಲೇ ಇರತೊಡಗಿದರು. ಸೋಮವಾರ ಮತ್ತು ಗುರುವಾರ ಅದೇ ಕೇಂದ್ರದಲ್ಲಿ ಅವರ ಪಾಳಿ. "ಪ್ರೋಗ್ರಾಮ್ ಬರದಾಂವ ಈಗ ಪಟ್ಯಾಗ ಒಂದು ಸಾಲಾಗೀನಿ ನೋಡ್ರಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅವರು ಕೆಲಸ ಬಿಟ್ಟ ಮೇಲೆ ಆ ಪ್ರೋಗ್ರಾಮಿನ ಹೊಣೆ ನನಗೆ ಬಂತು. ಇರುವೆಗಳ ಸಹವಾಸ ಸಾಕು ಎಂದು ಪೂರ್ತಿ ಪೈಥಾನಿನಲ್ಲಿ ಬರೆದೆ. ಸರ್ ಅವರ ಒಂದು ಸಾಲನ್ನು ಬಿಡಿಸಿ ಹನ್ನೆರಡು ಸಾಲು ಮಾಡಿದೆ. ಕಾದ ದಿನಗಳು, ತಾಳಬಹುದಾದ ದಿನಗಳು, ಮುಂದೂಡಿದ ಸಲ ಎಂದು ಎಲ್ಲದಕ್ಕೂ ಅಂದವಾದ ಹೆಸರಿಟ್ಟೆ. ಹಳೆಯದನ್ನೂ ಹೊಸದನ್ನೂ ಮೂರು ತಿಂಗಳು ಅಕ್ಕಪಕ್ಕ ನಡೆಸಿ ನೋಡಿದೆ. ಎರಡರ ಪಟ್ಟಿಯೂ ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ ತಾಳೆಯಾಯಿತು. ಆಫೀಸಿನಲ್ಲಿ ಎಲ್ಲರೂ ನನ್ನ ಕೋಡನ್ನು ದೂರದಿಂದ ನೋಡಿ, ಎಷ್ಟು ಚೊಕ್ಕ ಐತಿ ಎಂದರು. ನಾನು ಹಿಗ್ಗಿದೆ. ಆ ಮೂರು ತಿಂಗಳಲ್ಲಿ ಒಂದು ಯಂತ್ರವೂ ಕೆಟ್ಟಿರಲಿಲ್ಲ, ಒಬ್ಬರ ಪಾಳಿಯನ್ನೂ ಮುಂದೂಡಿರಲಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಕಳೆದ ಬೇಸಿಗೆಯ ಒಂದು ಬುಧವಾರ ಕೇಂದ್ರದಲ್ಲಿ ನೀರು ಶುದ್ಧ ಮಾಡುವ ಘಟಕ ಕೆಟ್ಟಿತು. ಸಿಕ್ಕ ನೀರಿನಲ್ಲಿ ಆರರಲ್ಲಿ ಎರಡು ಯಂತ್ರ ಮಾತ್ರ ನಡೆಯುತ್ತಿದ್ದವು. ಗುರುವಾರ ಸರ್ ಅವರ ಪಾಳಿ ಮುಂದಕ್ಕೆ ಹೋಯಿತು. ಶುಕ್ರವಾರದ ಪಟ್ಟಿಯಲ್ಲೂ ಅವರ ಹೆಸರು ಬರಲಿಲ್ಲ. ಅಂದು ಸಂಜೆ ಅವರು ನನಗೆ ಫೋನು ಮಾಡಿದರು.

"ಮೇಡಂ, ಆ ಪಟ್ಟಿ ಮಾಡೋ ನಿಮ್ಮ ಕೋಡು ಐತಲ್ಲ... ಒಮ್ಮಿ ಕಳಸ್ತೀರೇನು? ಓದ್ತೀನಿ."

"ಯಾಕ್ ಸರ್? ಏನಾತು?"

"ಏನಿಲ್ಲ... ಪಟ್ಯಾಗ ಏನೋ ವ್ಯತ್ಯಾಸ ಐತಿ ಅನ್ನಿಸ್ತೈತಿ. ನಂದೂ ತಪ್ಪಿರಬಹುದು."

ಮಾತಿನ ನಡುವೆ ಅವರು ನಿಂತು ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ನಾನು ಅದನ್ನು ಸಂಕೋಚ ಎಂದುಕೊಂಡೆ. ತಮ್ಮ ಪ್ರೋಗ್ರಾಮನ್ನು ತೆಗೆದುಹಾಕಿದ್ದಕ್ಕೆ ಮುದುಕರ ಹೊಟ್ಟೆಯಲ್ಲಿ ಉರಿ ಇದೆ, ಹುಳುಕು ಹುಡುಕಲು ಕೂತಿದ್ದಾರೆ ಎಂದುಕೊಂಡೆ. ನನ್ನ ಯೋಗ್ಯತೆ ಅಷ್ಟು.

"ಯಂತ್ರ ಕೆಟ್ಟಾವಲ್ಲ ಸರ್, ಅದಕ್ಕ ಹಂಗಾಗೈತಿ. ಕೋಡು ನಾಳೆ ಕಳಸ್ತೀನಿ ಬಿಡ್ರಿ."

"ಆದ್ರ ಇವತ್ತ ಕಳಸ್ರಿ," ಎಂದರು. ಹೂಂ ಎಂದು ಇಟ್ಟೆ. ಕಳಿಸಲಿಲ್ಲ.

ಶನಿವಾರವೂ ಅವರ ಹೆಸರಿರಲಿಲ್ಲ. ಕೇಂದ್ರದ ಟೆಕ್ನಿಶಿಯನ್ ಹುಬ್ಬು ಗಂಟು ಹಾಕಿ ತಾನೇ ಕುರುಗೋಡಿಗೆ ಫೋನು ಮಾಡಿ, ಬಂದುಬಿಡ್ರಿ ಸರ್, ಹೆಂಗರ ಮಾಡಿ ಯಂತ್ರಕ್ಕ ಹಾಕ್ತೀನಿ ಎಂದಳಂತೆ. ಪಟ್ಟಿಯಲ್ಲಿ ಇರುವವರನ್ನು ಎಬ್ಬಿಸಿ ತಮ್ಮನ್ನು ಮಲಗಿಸಬೇಡಿ ಎಂದು ಅವರು ಒಪ್ಪಲಿಲ್ಲವಂತೆ. ಭಾನುವಾರ ಕೇಂದ್ರಕ್ಕೆ ರಜೆ. ನಾನು ಸಿರುಗುಪ್ಪದಲ್ಲಿ ನೆಂಟರ ಗೃಹಪ್ರವೇಶದಲ್ಲಿದ್ದೆ. ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಅವರ ಫೋನು ಬಂತು. ಕೈ ಎಂಜಲು ಎಂಬ ನೆಪ ಸಿಕ್ಕಿತು, ಎತ್ತಲಿಲ್ಲ. ಕೈ ತೊಳೆದ ಮೇಲೆ ನೆಪ ಇರಲಿಲ್ಲ, ಆಗಲೂ ನಾನು ತಿರುಗಿ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಅವರ ಹೆಂಡತಿಯ ಫೋನು. "ಉಸಿರಾಡಾಕ ಆಗವಲ್ದು ಯಮ್ಮಾ ಇವರಿಗೆ. ಕಾಲು, ಮುಖ ಎಲ್ಲಾ ಬಾತಾವು. ಇವತ್ತಿನ ಪಟ್ಯಾಗೂ ಹೆಸರಿಲ್ಲ ಅಂತಾರ. ಯಾಕ?"

ಹಲ್ಲುಜ್ಜುತ್ತಿದ್ದವಳು ಬಾಯಿ ಮುಕ್ಕಳಿಸದೆ ಲ್ಯಾಪ್‌ಟಾಪ್ ತೆರೆದೆ. ಅವರ ಹೆಸರಿನ ಎದುರು ಮೂರು ಅಂಕಿಗಳಿದ್ದವು. ಹಿಂದಿನ ಸೋಮವಾರದ ಡಯಾಲಿಸಿಸ್ ಆದ ಮೇಲೆ ಕಾದದ್ದು ಏಳು ದಿನ, ತಾಳಬಹುದಾದದ್ದು ನಾಲ್ಕು ದಿನ, ಮುಂದೂಡಿದ್ದು ಮೂರು ಸಲ. ತುರ್ತು ಎಷ್ಟು ಎಂದು ನನ್ನ ಪ್ರೋಗ್ರಾಮು ಲೆಕ್ಕ ಹಾಕಿತ್ತು: ಸೊನ್ನೆ. ಮೂರು ಸಲ ದೂಡಿಸಿಕೊಂಡವರು ಪಟ್ಟಿಯ ತಳದಲ್ಲಿದ್ದರು.

ಅವರ ಹಳೆಯ ಪ್ರಿಂಟನ್ನು ಹುಡುಕಿ ತೆಗೆದೆ. ಆ ಒಂದು ಸಾಲನ್ನು ಜೀವಮಾನದಲ್ಲಿ ಮೊದಲ ಸಲ ಕೈಯಿಂದ ಬರೆದೆ. ಕಾದ ದಿನ, ಕಳೆ, ತಾಳುವ ದಿನ, ಕಳೆ, ಮುಂದೂಡಿದ ಸಲ. ನಾನು ಅದನ್ನು ಎಡದಿಂದ ಓದಿದ್ದೆ. ಏಳರಲ್ಲಿ ನಾಲ್ಕು ಕಳೆದು, ಉಳಿದ ಮೂರರಲ್ಲಿ ಮತ್ತೆ ಮೂರು ಕಳೆದಿದ್ದೆ. ಅವರ ಭಾಷೆ ಬಲದಿಂದ ಲೆಕ್ಕ ಹಾಕುತ್ತದೆ. ಮೊದಲು ನಾಲ್ಕರಲ್ಲಿ ಮೂರು ಕಳೆದರೆ ಒಂದು, ಆ ಒಂದನ್ನು ಏಳರಲ್ಲಿ ಕಳೆದರೆ ಆರು. ಪಾಳಿ ತಪ್ಪಿದಷ್ಟೂ ಅವರ ಲೆಕ್ಕದಲ್ಲಿ ಮನುಷ್ಯ ಮೇಲಕ್ಕೆ ಬರುತ್ತಿದ್ದ. ನನ್ನ ಲೆಕ್ಕದಲ್ಲಿ ಒಂದು ದಿನ ಕಾದದ್ದಕ್ಕೆ ಒಂದು ಕೂಡಿ, ಪಾಳಿ ತಪ್ಪಿದ್ದಕ್ಕೆ ಒಂದು ಕಳೆದು, ನಿಂತಲ್ಲೇ ನಿಲ್ಲುತ್ತಿದ್ದ. ಹತ್ತು ವರ್ಷ ಪಕ್ಕದಲ್ಲಿ ಕೂತು ಅವರ ಬೆರಳು ಬಲದಿಂದ ಎಡಕ್ಕೆ ಜರುಗುವುದನ್ನು ದಿನವೂ ನೋಡಿದವಳು ನಾನು.

ಕೇಂದ್ರಕ್ಕೆ ಫೋನು ಮಾಡಿ ಕಿರುಚಿದೆ. "ಪಟ್ಟಿ ಬಿಡ್ರಿ! ಪಟ್ಟಿ ತಪ್ಪೈತಿ! ಸರ್ ಬರಾಕತ್ಯಾರ, ಒಂದು ಯಂತ್ರ ಖಾಲಿ ಇಡ್ರಿ!" ಅವರ ಹೆಂಡತಿಗೆ, ಇದ್ದ ಹಾಗೆ ಹೊರಡಿ, ಹೊರಡಿ ಎಂದೆ. ನಾನೂ ಆಟೋ ಹಿಡಿದು ಓಡಿದೆ. ಟೆಕ್ನಿಶಿಯನ್ ಹಾಸಿಗೆಗೆ ಹೊಸ ಹೊದಿಕೆ ಹಾಸಿ, ಕೊಳವೆಗಳಲ್ಲಿ ದ್ರವ ತುಂಬಿ ಸಿದ್ಧ ಮಾಡಿಟ್ಟಿದ್ದಳು. ಯಂತ್ರದ ಹಸಿರು ದೀಪ ಉರಿಯುತ್ತಿತ್ತು. ಬಾಗಿಲಿಗೂ ಹಾಸಿಗೆಗೂ ಎಷ್ಟು ಸಲ ಓಡಾಡಿದೆನೋ. ಬರುವ ಪ್ರತಿ ಗಾಡಿಯನ್ನೂ ಅವರದೇ ಎಂದುಕೊಂಡು ರಸ್ತೆಗೆ ಇಳಿದೆ. ಯಾವ ದೇವರಿಗೆ ಕೈ ಮುಗಿಯಲಿ, ಯಾರ ಕಾಲು ಹಿಡಿಯಲಿ ತಿಳಿಯದೆ ಒದ್ದಾಡಿದೆ. ಒಂದು ಗಂಟೆ ಹತ್ತು ನಿಮಿಷ ಆ ಯಂತ್ರ ಖಾಲಿ ನಿಂತಿತ್ತು. ಆಮೇಲೆ ಫೋನು ಬಂತು. ಬಳ್ಳಾರಿ ಮುಟ್ಟುವ ಮೊದಲೇ, ದಾರಿಯಲ್ಲೇ, ಅವರ ಉಸಿರು ನಿಂತಿತ್ತು.

ಅಲ್ಲಿಯೇ ಕುಸಿದು ಕೂತವಳನ್ನು ಟೆಕ್ನಿಶಿಯನ್ ಅಲುಗಾಡಿಸಿದಳು. "ಮೇಡಂ, ಪಟ್ಟಿ ತಪ್ಪಿದ್ರ ಬ್ಯಾರೆಯೋರದೂ ತಪ್ಪಿರ್ತೈತಿ. ಹೇಳ್ರಿ ಯಾರ್ಯಾರು, ಲಗೂನ ಹೇಳ್ರಿ." ಅಳುತ್ತಲೇ ಲೆಕ್ಕ ಹಾಕಿದೆ. ರೂಪನಗುಡಿಯ ಒಬ್ಬ ಅಜ್ಜಿಯ ಪಾಳಿ ಎರಡು ಸಲ ತಪ್ಪಿತ್ತು. ಸರ್ ಅವರಿಗೆಂದು ಹಾಸಿದ್ದ ಹಾಸಿಗೆಯ ಮೇಲೆ ಅಂದು ಮಧ್ಯಾಹ್ನ ಆಕೆಯನ್ನು ಮಲಗಿಸಿದೆವು. ಆಕೆ ಇವತ್ತಿಗೂ ವಾರಕ್ಕೆ ಎರಡು ಸಲ ಬರುತ್ತಾಳೆ, ನನ್ನನ್ನು ಕಂಡರೆ ನಗುತ್ತಾಳೆ. ನಾನು ಆಕೆಯ ಮುಖ ನೋಡಲಾರೆ.

ಸರ್ ಅವರ ಸಾಲನ್ನು ಇದ್ದಂತೆಯೇ ವಾಪಸು ಹಾಕಿದ್ದೇನೆ. ನಡೆದದ್ದನ್ನು ಕೇಂದ್ರದವರಿಗೆ ಬರೆದುಕೊಟ್ಟೆ. ನೀರಿನ ಘಟಕ ಕೆಟ್ಟದ್ದಕ್ಕೆ ನೀವೇನು ಮಾಡುತ್ತೀರಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಆಫೀಸಿನವರೂ ಅದನ್ನೇ ಅಂದರು. ಅಂಥ ಚೊಕ್ಕ ಕೋಡಿನಲ್ಲಿ ತಪ್ಪು ಇರಲು ಹೇಗೆ ಸಾಧ್ಯ ಎಂದು ನನ್ನನ್ನೇ ಸಮಾಧಾನ ಮಾಡಿದರು. ಓದಲು ಸಲೀಸು ಎಂದು ಎಲ್ಲರೂ ಮೆಚ್ಚಿದ ಆ ಹನ್ನೆರಡು ಸಾಲನ್ನು ಅವರಲ್ಲಿ ಒಬ್ಬರೂ ಓದಿರಲಿಲ್ಲ. ಓದುತ್ತೇನೆ ಕೊಡಿ ಎಂದು ಕೇಳಿದವರು ಒಬ್ಬರೇ. ಅವರಿಗೆ ನಾನು ಕೊಡಲಿಲ್ಲ.

ಹದಿನೈದು ದಿನದ ಮೇಲೆ ಕುರುಗೋಡಿಗೆ ಹೋದೆ. ಹೇಳದೆ ಇದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವರ ಹೆಂಡತಿ ಚಾಪೆ ಹಾಸಿ ನೀರು ಕೊಟ್ಟರು. ತಪ್ಪು ನನ್ನದು, ನಾನು ತಿರುವುಮುರುವಾಗಿ ಓದಿದೆ, ಅದರಿಂದಲೇ ಅವರ ಹೆಸರು ಬರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಆಕೆ ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತೆ.

"ಅವರಿಗೆ ಸಂಶಯ ಬಂದಿತ್ತು ಯಮ್ಮಾ," ಎಂದರು ಆಕೆ. "ಶುಕ್ರವಾರನೇ ಅಂದಿದ್ರು. ಹಂಗಾರ ತಪ್ಪೈತಿ ಅಂತ ಆಕಿಗೆ ನೇರ ಹೇಳ್ರಿ, ಜಗಳಾಡ್ರಿ ಅಂದೆ ನಾನು. ಆಕಿ ಬರೆದದ್ದು ಓದಲಾರದ ಹೆಂಗ ಹೇಳ್ಲಿ, ಹುಡುಗಿ ನೊಂದ್ಕೊಂತಾಳ ಅಂದ್ರು. ಎರಡು ದಿನ ಫೋನು ಎದಿ ಮ್ಯಾಲೆ ಇಟ್ಕೊಂಡ ಮಲಗಿದ್ರು, ನೀನು ಕಳಸ್ತೀ ಅಂತ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಷರ ಬಾರದ ಹೆಂಗಸು. ಈ ಕೆಲಸಗಳೆಲ್ಲ ಹೇಗೆ ನಡೆಯುತ್ತವೋ ಗೊತ್ತಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು.

"ಅದನ್ನ ಕಳಸಾಕ ಬಾಳ ಹೊತ್ತು ಹಿಡೀತಿತ್ತೇನು ಯಮ್ಮಾ?"

"ಇಲ್ಲ," ಎಂದೆ. "ಒಂದು ನಿಮಿಷ."